ಉಡುಪಿಯಲ್ಲಿ ಬೆಳೆದ ಆಟ ಕೊಪ್ಪದಲ್ಲೇಕೆ ಬೆಳೆಯದು?

ಉಡುಪಿಯ ಜನ ಹೋಟೆಲ್ ಕಟ್ಟುವುದಕ್ಕಾಗಿ ಊರು ಬಿಟ್ಟವರು. ಅವರ ದೋಸೆಯ ಕಾವಲಿ ಕಾಯದ ಮಹಾನಗರ ಈ ದೇಶದಲ್ಲಿ ಇಲ್ಲವೆನ್ನಬಹುದು. ಅದೇ ಉಡುಪಿಯಿಂದ 2014ರಲ್ಲಿ ಇನ್ನೊಂದು ಬಗೆಯ ಹೋಟೆಲ್ ಹೊರಜಗತ್ತಿಗೆ ಹೋಯಿತು. ಅದು ಮೊಬೈಲ್ ಫೋನಿನ ಪರದೆಯ ಮೇಲಿನ ಹೋಟೆಲ್. ಆಡುವವನು ತನ್ನದೇ ಉಪಾಹಾರಗೃಹ ತೆರೆದು, ಬೇಕಾದ ತರಕಾರಿ ಬೆಳೆದು, ಅಡುಗೆ ಮಾಡಿ, ಬಂದ ಗಿರಾಕಿಗಳಿಗೆ ಬಡಿಸಿ ವ್ಯಾಪಾರ ಬೆಳೆಸಬೇಕು. 'ಸ್ಟಾರ್ ಶೆಫ್' ಎಂಬ ಈ ವಿಡಿಯೊ ಗೇಮನ್ನು ರೂಪಿಸಿದ್ದು ಉಡುಪಿಯ 'ನೈಂಟಿನೈನ್ ಗೇಮ್ಸ್'. ಹಿಂದಿನ ತಲೆಮಾರು ಊರು ಬಿಟ್ಟು ಗಳಿಸಿದ ಜಾಗತಿಕ ಗಿರಾಕಿಗಳನ್ನು ಈ ತಲೆಮಾರು ಊರಿನಲ್ಲೇ ಕುಳಿತು ಗಳಿಸಿತು ಎಂಬುದೇ ಇಲ್ಲಿನ ವಿಶೇಷ.

ಈ ಸಂಗತಿಯನ್ನು ಘಟ್ಟದ ಮೇಲಿನಿಂದ ನೋಡಿದರೆ ಒಂದು ಪ್ರಶ್ನೆ ಏಳುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳು ಒಂದೇ ವಿಧಾನಸಭಾ ಕ್ಷೇತ್ರಕ್ಕೆ ಸೇರಿದವು; ಅಡಿಕೆ, ಕಾಫಿ, ಮಳೆ ಮತ್ತು ವಲಸೆ ಈ ಮೂರಕ್ಕೂ ಸಮಾನ. ಶೃಂಗೇರಿಯಿಂದ ಆಗುಂಬೆ ಘಾಟಿ ಇಳಿದರೆ ಉಡುಪಿ ನೂರು ಕಿಲೋಮೀಟರಿಗೂ ಕಡಿಮೆ ದೂರ. ಬೆಂಗಳೂರು ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಆದರೂ ಇಲ್ಲಿನ ವಿದ್ಯಾವಂತ ಯುವಕ ಯುವತಿಯರು ಹತ್ತುವುದು ಬೆಂಗಳೂರಿನ ರಾತ್ರಿ ಬಸ್ಸನ್ನೇ. ಹಳದಿ ಎಲೆ ರೋಗ ದಶಕಗಳಿಂದ ಇಲ್ಲಿನ ಅಡಿಕೆ ತೋಟಗಳನ್ನು ತಿನ್ನುತ್ತಿದೆ. ಅದಕ್ಕೆ ಖಚಿತ ಮದ್ದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಮಳೆಗಾಲದಲ್ಲಿ ಬೋರ್ಡೊ ದ್ರಾವಣ ಸಿಂಪಡಿಸಲು ಮರ ಹತ್ತುವವರಿಲ್ಲ, ಹತ್ತಿಸಲು ಮನೆಯಲ್ಲಿ ಪ್ರಾಯದವರಿಲ್ಲ. ದೊಡ್ಡ ದೊಡ್ಡ ಮನೆಗಳಲ್ಲಿ ಇಬ್ಬರು ವೃದ್ಧರು ಮಾತ್ರ ಉಳಿದಿರುವುದು ಇಲ್ಲಿ ಸಾಮಾನ್ಯ ದೃಶ್ಯ. ಹೀಗಿರುವಾಗ ಉಡುಪಿಯಲ್ಲಿ ಸಾಧ್ಯವಾದದ್ದು ಕೊಪ್ಪದಲ್ಲಿ ಏಕೆ ಸಾಧ್ಯವಾಗಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ, ಉಡುಪಿಯಲ್ಲಿ ಅದು ಹೇಗೆ ಸಾಧ್ಯವಾಯಿತು ಎಂಬುದನ್ನು ಮೊದಲು ತಿಳಿಯಬೇಕು.

ಅದು ಒಂದು ದಿನದ ಪವಾಡವಲ್ಲ. ರೋಹಿತ್ ಭಟ್ ಅವರು ಉಡುಪಿಯಲ್ಲಿ 'ರೋಬೋಸಾಫ್ಟ್' ಆರಂಭಿಸಿದ್ದು 1996ರಲ್ಲಿ. ಬೆಂಗಳೂರಿನ ಬಹುತೇಕ ಕಂಪನಿಗಳು ಬೇರೆ ದಾರಿ ಹಿಡಿದಿದ್ದಾಗ ಈ ಸಂಸ್ಥೆ ಆಪಲ್ ಕಂಪನಿಯ ಮ್ಯಾಕ್ ಕಂಪ್ಯೂಟರುಗಳಿಗೆ ತಂತ್ರಾಂಶ ಬರೆಯುವ ಕೆಲಸವನ್ನು ಆರಿಸಿಕೊಂಡಿತು. ಅಂದು ಅದು ಕಿರಿದಾದ ಮಾರುಕಟ್ಟೆ. ಆದರೆ 2007ರಲ್ಲಿ ಐಫೋನ್ ಬಂದು, 2008ರ ಜುಲೈನಲ್ಲಿ ಆಪಲ್‌ನ ಆ್ಯಪ್ ಸ್ಟೋರ್ ತೆರೆದಾಗ ಹತ್ತಾರು ವರ್ಷ ಮಾಡಿದ ಆ ಕೆಲಸವೇ ಕೈಹಿಡಿಯಿತು. ಐಫೋನ್ ತಂತ್ರಾಂಶದ ಬೇರು ಮ್ಯಾಕ್‌ನಲ್ಲೇ ಇದ್ದುದರಿಂದ, ಉಳಿದವರು ಕಲಿಯಲು ಕುಳಿತಾಗ ಇವರು ಕೆಲಸಕ್ಕೆ ಕುಳಿತರು. ಆ ಮಡಿಲಲ್ಲೇ ನೈಂಟಿನೈನ್ ಗೇಮ್ಸ್ ಹುಟ್ಟಿತು. ಮೊದಲು ಬಂದದ್ದು 'ವರ್ಡ್ಸ್‌ವರ್ತ್' ಎಂಬ ಪದಕಟ್ಟುವ ಆಟ. 2013ರಲ್ಲಿ 'ಧೂಮ್ 3' ಹಿಂದಿ ಚಿತ್ರವನ್ನು ಆಧರಿಸಿದ ಆಟ ದೇಶದಾದ್ಯಂತ ಫೋನುಗಳಿಗೆ ಇಳಿಯಿತು. ಮರುವರ್ಷ 'ಸ್ಟಾರ್ ಶೆಫ್'. ಮಾತೃಸಂಸ್ಥೆಯಾದ ರೋಬೋಸಾಫ್ಟನ್ನು 2021ರಲ್ಲಿ ಜಪಾನಿನ ಟೆಕ್ನೋಪ್ರೊ ಸಮೂಹ 805 ಕೋಟಿ ರೂಪಾಯಿಗೆ ಕೊಂಡಾಗ, ಸಣ್ಣ ಊರಿನಲ್ಲಿ ಕಟ್ಟಿದ್ದಕ್ಕೆ ದೊಡ್ಡ ಬೆಲೆ ಬರುವುದಿಲ್ಲ ಎಂಬ ಮಾತು ಕೊನೆಗೊಂಡಿತು.

ಇದರಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು, ಆಟಕ್ಕೆ ಮುಂಚೆ ಸುಮಾರು ಒಂದು ಡಜನ್ ವರ್ಷಗಳ ಕಸುಬಿನ ಸಂಚಯವಿತ್ತು. ಎರಡು, ಸುತ್ತಮುತ್ತ ಮಣಿಪಾಲ, ನಿಟ್ಟೆ, ಸುರತ್ಕಲ್‌ಗಳಂಥ ಶಿಕ್ಷಣ ಕೇಂದ್ರಗಳಿದ್ದು, ಕಲಿತ ಕೈಗಳು ನೆರೆಯಲ್ಲೇ ಸಿಗುತ್ತಿದ್ದವು. ಮೂರು, ಮಾರುಕಟ್ಟೆಗೆ ನೇರ ಬಾಗಿಲು ತೆರೆದಿತ್ತು. ಅದಕ್ಕೂ ಮೊದಲು ಆಟವೊಂದು ಡಬ್ಬಿಯಲ್ಲಿ ಮುದ್ರಿತವಾಗಿ ಅಂಗಡಿ ತಲುಪಬೇಕಾಗಿತ್ತು. ಅದಕ್ಕೆ ವಿದೇಶಿ ಪ್ರಕಾಶಕರ ಕೃಪೆ ಬೇಕಾಗಿತ್ತು. ಆ್ಯಪ್ ಸ್ಟೋರ್ ಬಂದ ಮೇಲೆ ಮಾರಾಟದ ಶೇ 30ರಷ್ಟನ್ನು ಕಮಿಷನ್ ಆಗಿ ಕೊಟ್ಟರೆ ಉಡುಪಿಯ ಆಟವೂ ಕ್ಯಾಲಿಫೋರ್ನಿಯಾದ ಆಟವೂ ಒಂದೇ ಕಪಾಟಿನಲ್ಲಿ ಕುಳಿತುಕೊಂಡವು. 2021ರಿಂದ ಆಪಲ್ ಮತ್ತು ಗೂಗಲ್ ಎರಡೂ ಸಣ್ಣ ತಯಾರಕರಿಗೆ ಈ ಕಮಿಷನ್ನನ್ನು ಶೇ 15ಕ್ಕೆ ಇಳಿಸಿವೆ. ಅಡಿಕೆ ಮಂಡಿಯ ಲೆಕ್ಕ ಬಲ್ಲ ನಮ್ಮ ಬೆಳೆಗಾರರಿಗೆ, ದಲಾಲಿ ಕಡಿಮೆಯಾದರೆ ಏನಾಗುತ್ತದೆ ಎಂದು ವಿವರಿಸಬೇಕಾಗಿಲ್ಲ.

ಉಡುಪಿಯ ಈ ಕಥೆಯನ್ನು ಬೆಂಗಳೂರಿನ ಇನ್ನೊಂದು ಕಥೆಯ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. ರಾಜೇಶ್ ರಾವ್ ಅವರು 1997ರಲ್ಲಿ ಕಟ್ಟಿದ 'ಧ್ರುವ ಇಂಟರಾಕ್ಟಿವ್' ಭಾರತದ ಮೊದಲ ಗೇಮ್ ಕಂಪನಿಗಳಲ್ಲಿ ಒಂದು. ಅದು ಬೆಳೆದದ್ದು ಹೊರಗುತ್ತಿಗೆಯ ಮೇಲೆ. 'ಫೋರ್ಜಾ ಮೋಟಾರ್‌ಸ್ಪೋರ್ಟ್'ನಂಥ ಜಗತ್ಪ್ರಸಿದ್ಧ ಆಟಗಳಿಗೆ ಚಿತ್ರಕಲೆಯ ಕೆಲಸವನ್ನು ಅದು ಮಾಡಿಕೊಟ್ಟಿತು. ನೂರಾರು ಕಲಾವಿದರನ್ನು ತಯಾರು ಮಾಡಿತು. 2016ರ ಕೊನೆಯಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಅದನ್ನು ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಮುಂದೆ ಆ ಕಂಪನಿಗೇ ಹಣದ ಮುಗ್ಗಟ್ಟು ಬಂದಾಗ 2019ರಲ್ಲಿ 79 ಲಕ್ಷ ಡಾಲರಿಗೆ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್‌ನ ಪಾಲಾಯಿತು. ಧ್ರುವ ಮಾಡಿದ ಕೆಲಸ ಕೀಳು ಎಂದು ನಾನು ಹೇಳುತ್ತಿಲ್ಲ. ಇನ್ನೊಬ್ಬರ ತೋಟದಲ್ಲಿ ದುಡಿಯದೆ ಕಸುಬು ಬರುವುದಿಲ್ಲ. ರೋಬೋಸಾಫ್ಟ್ ಕೂಡ ಮೊದಲು ಮಾಡಿದ್ದು ಅದನ್ನೇ. ಆದರೆ ಎರಡು ದಶಕ ದುಡಿದ ಮೇಲೂ ಮರ ಯಾರದು, ಫಸಲು ಯಾರದು ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಸ್ವತಂತ್ರ ಗೇಮ್ ಸ್ಟುಡಿಯೊ ಎಂಬ ಮಾತಿನ ತಿರುಳು ಇಲ್ಲಿದೆ. ಕಥೆ, ಪಾತ್ರ, ಹೆಸರು ಎಲ್ಲದರ ಹಕ್ಕೂ ಮಾಡಿದವರ ಬಳಿಯೇ ಉಳಿಯುವುದು ಅದರ ಲಕ್ಷಣ.

ಸ್ವಂತ ತೋಟಕ್ಕೆ ಅಪಾಯವೂ ಸ್ವಂತದ್ದೇ. ಅಡಿಕೆ ಸಸಿ ನೆಟ್ಟರೆ ಐದಾರು ವರ್ಷ ಕಾಯಬೇಕು. ಆಟದ ಲೆಕ್ಕವೂ ಹೆಚ್ಚುಕಡಿಮೆ ಹಾಗೆಯೇ. ಅಮೆರಿಕದ ಎರಿಕ್ ಬ್ಯಾರೋನ್ ಎಂಬ ಯುವಕ ಹಳ್ಳಿಯ ಹೊಲ, ದನ, ಋತುಮಾನ, ನೆರೆಹೊರೆಗಳನ್ನೇ ವಸ್ತುವಾಗಿಟ್ಟುಕೊಂಡು 'ಸ್ಟಾರ್‌ಡ್ಯೂ ವ್ಯಾಲಿ' ಎಂಬ ಆಟವನ್ನು ನಾಲ್ಕೂವರೆ ವರ್ಷ ಒಬ್ಬನೇ ಕುಳಿತು ಮಾಡಿದ. 2016ರಲ್ಲಿ ಹೊರಬಂದ ಅದು 2024ರ ಹೊತ್ತಿಗೆ ಮೂರು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿತ್ತು. ನಮ್ಮ ಪುಣೆಯ 'ನಾಡಿಂಗ್ ಹೆಡ್ಸ್ ಗೇಮ್ಸ್' ಸಂಸ್ಥೆ ಪುರಾಣದ ಹಿನ್ನೆಲೆಯ 'ರಾಜಿ' ಎಂಬ ಆಟಕ್ಕಾಗಿ 2017ರಲ್ಲಿ ಸಾರ್ವಜನಿಕ ದೇಣಿಗೆಗೆ ಕೈಚಾಚಿತು; ಗುರಿ ಮುಟ್ಟಲಿಲ್ಲ. ಪಟ್ಟು ಬಿಡದೆ ದುಡಿದು 2020ರಲ್ಲಿ ಆಟ ಹೊರತಂದಾಗ ಜಗತ್ತು ತಿರುಗಿ ನೋಡಿತು. ಆದರೆ ಇವು ಗೆದ್ದವರ ಹೆಸರುಗಳು. ಹೆಸರೂ ಕೇಳದೆ ಮುಳುಗಿದ ಆಟಗಳೇ ಹೆಚ್ಚು. 2023 ಮತ್ತು 2024ರಲ್ಲಿ ಜಗತ್ತಿನ ದೊಡ್ಡ ದೊಡ್ಡ ಗೇಮ್ ಕಂಪನಿಗಳೇ ಸಾವಿರಾರು ಜನರನ್ನು ಕೆಲಸದಿಂದ ತೆಗೆದವು. ಆದ್ದರಿಂದ ವಿಡಿಯೊ ಗೇಮ್ ಉದ್ಯಮ ಮಲೆನಾಡನ್ನು ಉದ್ಧರಿಸಿಬಿಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ನನ್ನ ವಾದ ಅಷ್ಟು ದೊಡ್ಡದಲ್ಲ. ಹತ್ತು ಜನರ ಒಂದು ತಂಡ ಊರಿನಲ್ಲೇ ನೆಲೆ ನಿಂತರೆ ಹತ್ತು ಮನೆಗಳ ದೀಪ ಉರಿಯುತ್ತದೆ. ತೋಟಕ್ಕೆ ಹತ್ತು ಜೊತೆ ಕಣ್ಣುಗಳು ಸಿಗುತ್ತವೆ. ನಮ್ಮ ತಾಲ್ಲೂಕುಗಳ ಅಳತೆಗೆ ಇದು ಸಣ್ಣ ಸಂಗತಿಯಲ್ಲ.

ಹಾಗಾದರೆ ತೊಡಕು ಎಲ್ಲಿದೆ? ಪ್ರತಿಭೆಯಲ್ಲಂತೂ ಅಲ್ಲ. ಬೆಂಗಳೂರಿನ ತಂತ್ರಾಂಶ ಕಂಪನಿಗಳಲ್ಲಿ ಮಲೆನಾಡಿನ ಮಕ್ಕಳು ಎಷ್ಟಿದ್ದಾರೆಂಬುದು ಹಬ್ಬದ ಮುನ್ನಾದಿನ ಬಸ್ ನಿಲ್ದಾಣಕ್ಕೆ ಹೋದರೆ ಗೊತ್ತಾಗುತ್ತದೆ. ಮೊದಲ ತೊಡಕು ವಿದ್ಯುತ್ ಮತ್ತು ಅಂತರ್ಜಾಲದ್ದು. ಈ ಮೂರು ತಾಲ್ಲೂಕುಗಳಲ್ಲಿ ಇಂದಿಗೂ ಒಂದು ರೈಲು ನಿಲ್ದಾಣವಿಲ್ಲ. ಆ ಕೊರತೆಯನ್ನು ಈ ಉದ್ಯಮ ತಾಳಿಕೊಳ್ಳಬಲ್ಲದು, ಏಕೆಂದರೆ ಇದರ ಸರಕಿಗೆ ಲಾರಿ ಬೇಡ. ಆದರೆ ತಂತಿ ಬೇಕು. ಆಟವೊಂದನ್ನು ಕಟ್ಟುವ ತಂಡದವರು ಚಿತ್ರ, ಧ್ವನಿ, ಸಂಕೇತಗಳ ಭಾರೀ ಕಡತಗಳನ್ನು ದಿನವೂ ಪರಸ್ಪರ ಹಂಚಿಕೊಳ್ಳಬೇಕಾಗುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಹೋಗುವ, ಕರೆಂಟ್ ಹೋದೊಡನೆ ಮೊಬೈಲ್ ಟವರೂ ಮೌನವಾಗುವ ಊರಿನಲ್ಲಿ ಇದು ಆಗದ ಮಾತು. ಕೋವಿಡ್ ಕಾಲದಲ್ಲಿ ಆನ್‌ಲೈನ್ ಪಾಠಕ್ಕಾಗಿ ಮಕ್ಕಳು ಗುಡ್ಡ ಹತ್ತಿ ಕುಳಿತದ್ದನ್ನು, 'ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ' ಎಂದು ಮಲೆನಾಡಿನ ಹಲವು ಹಳ್ಳಿಗಳು ಫಲಕ ಹಿಡಿದದ್ದನ್ನು ನಾವು ಮರೆತಿಲ್ಲ. ಅದೇ ಅವಧಿಯಲ್ಲಿ ಮನೆಯಿಂದ ಕೆಲಸ ಮಾಡಲು ಸಾವಿರಾರು ಯುವಜನರು ಊರಿಗೆ ಮರಳಿದ್ದರು. ಅವರನ್ನು ಉಳಿಸಿಕೊಳ್ಳುವ ಅವಕಾಶ ತಾನಾಗಿ ಬಂದಿತ್ತು. ತಂತಿ ಗಟ್ಟಿಯಾಗಿದ್ದಿದ್ದರೆ ಅವರಲ್ಲಿ ಒಂದಷ್ಟು ಜನವಾದರೂ ಉಳಿಯುತ್ತಿದ್ದರೆಂದೇ ನನ್ನ ಎಣಿಕೆ.

ಎರಡನೆಯದು ಸರ್ಕಾರದ ದೃಷ್ಟಿ. ಅನಿಮೇಶನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿಯನ್ನು ದೇಶದಲ್ಲಿ ಮೊದಲು ತಂದ ಹೆಮ್ಮೆ ಕರ್ನಾಟಕದ್ದು. 2012ರ ನಂತರ 2017ರಲ್ಲಿ ಅದು ಪರಿಷ್ಕೃತವಾಯಿತು. 2024ರಿಂದ 2029ರ ಅವಧಿಗೆ ಮೂರನೆಯ ನೀತಿ ಬಂದಿದೆ. ಲಲಿತಕಲಾ ಶಾಲೆಗಳಲ್ಲಿ ಡಿಜಿಟಲ್ ಕಲಾ ಕೇಂದ್ರ ತೆರೆಯುವ ಯೋಜನೆಯೂ ಈ ನೀತಿಗಳ ಫಲ. 'ಬೆಂಗಳೂರಿನಾಚೆಗೆ' ಎಂಬ ಕಾರ್ಯಕ್ರಮದಲ್ಲಿ ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡ–ಬೆಳಗಾವಿಗಳನ್ನು ಉದ್ಯಮ ಗುಚ್ಛಗಳೆಂದು ಗುರುತಿಸಲಾಯಿತು. ಇವೆಲ್ಲ ಸ್ವಾಗತಾರ್ಹ. ಆದರೆ ಬೆಂಗಳೂರಿನಾಚೆಗೆ ಎಂದರೆ ಮತ್ತೊಂದು ನಗರ ಎಂದಷ್ಟೇ ಅರ್ಥವಾದರೆ, ಘಟ್ಟದ ಸಾಲಿನ ತಾಲ್ಲೂಕುಗಳು ಎರಡು ನಗರಗಳ ನಡುವೆ ಬೀಳುತ್ತವೆ. ಒಂದು ಐಟಿ ಪಾರ್ಕ್ ಕಟ್ಟಿಕೊಡಿ ಎಂದು ಕೇಳುವ ರೂಢಿ ನಮ್ಮ ಜನಪ್ರತಿನಿಧಿಗಳಿಗಿದೆ. ನನ್ನ ಅಭಿಪ್ರಾಯದಲ್ಲಿ ಅದು ತಪ್ಪು ಬೇಡಿಕೆ. ಗಾಜಿನ ಕಟ್ಟಡದಿಂದ ಕಸುಬು ಹುಟ್ಟುವುದಿಲ್ಲ. ಕಸುಬು ಇದ್ದರೆ ಹಳೆಯ ಅಡಿಕೆ ಗೋದಾಮಿನಲ್ಲೂ ಸ್ಟುಡಿಯೊ ನಡೆಯುತ್ತದೆ.

ಕಸುಬು ಹುಟ್ಟುವುದು ಶಾಲೆಯಲ್ಲಿ. ಇದಕ್ಕೆ ಮಾದರಿ ಹುಡುಕಿಕೊಂಡು ವಿದೇಶಕ್ಕೆ ಹೋಗಬೇಕಾಗಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡು ಅಡಿಕೆ ಬೆಳೆಯುವ ಒಂದು ಹಳ್ಳಿ. ಅಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, ಕೆ.ವಿ. ಸುಬ್ಬಣ್ಣನವರ ಮುಂದಾಳತ್ವದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. 1985ರಲ್ಲಿ 'ತಿರುಗಾಟ' ಆರಂಭಿಸಿತು. ರಂಗಭೂಮಿ ಕಲಿಯಲು ನಾಡಿನ ಯುವಜನರು ನಗರದಿಂದ ಹಳ್ಳಿಗೆ ಬಂದರು. ಕಲಿಕೆ, ತಾಲೀಮು, ಪ್ರದರ್ಶನ ಮೂರನ್ನೂ ಒಂದೇ ನೆಲದಲ್ಲಿ ಜೋಡಿಸಿದ್ದೇ ಅದರ ಗುಟ್ಟು. ಆಟ ಕಟ್ಟುವುದೂ ನಾಟಕ ಕಟ್ಟಿದಂತೆಯೇ: ಕಥೆಗಾರ, ಚಿತ್ರಕಾರ, ಸಂಗೀತಗಾರ, ಗಣಿತ ಬಲ್ಲವ ಎಲ್ಲರೂ ಕೂಡಬೇಕು. ಕೊಪ್ಪದ, ಶೃಂಗೇರಿಯ, ನರಸಿಂಹರಾಜಪುರದ ಪದವಿ ಕಾಲೇಜುಗಳಲ್ಲಿ ಒಂದರಲ್ಲಾದರೂ ವರ್ಷಕ್ಕೆ ಇಪ್ಪತ್ತು ಮಂದಿಗೆ ಇಂಥ ಕಲಿಕೆ ಒದಗಿಸಲು ಕೋಟಿಗಟ್ಟಲೆ ಹಣ ಬೇಡ. 'ಗೊಡೊ' ಎಂಬ ಮುಕ್ತ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. 2023ರಲ್ಲಿ 'ಯೂನಿಟಿ' ಕಂಪನಿ ತನ್ನ ತಂತ್ರಾಂಶ ಬಳಸಿದ ಆಟಗಳ ಮೇಲೆ ಹೊಸ ಶುಲ್ಕ ಘೋಷಿಸಿ, ಜಗತ್ತಿನ ಸಣ್ಣ ಸ್ಟುಡಿಯೊಗಳೆಲ್ಲ ಪ್ರತಿಭಟಿಸಿದ ಮೇಲೆ ಮರುವರ್ಷ ಕೈಬಿಟ್ಟ ಪ್ರಸಂಗದ ನಂತರವಂತೂ ಮುಕ್ತ ತಂತ್ರಾಂಶದ ಮಹತ್ವ ಎಲ್ಲರಿಗೂ ಮನವರಿಕೆಯಾಗಿದೆ. ಬೇಕಾದದ್ದು ಒಳ್ಳೆಯ ಶಿಕ್ಷಕರು. ಶಿಕ್ಷಣ ಸಚಿವರಾಗಿ ಅರ್ಹತೆಯೊಂದನ್ನೇ ನೋಡಿ ಶಿಕ್ಷಕರನ್ನು ನೇಮಿಸಿ ಹೆಸರಾದ ಎಚ್.ಜಿ. ಗೋವಿಂದೇಗೌಡರು ಇದೇ ಕ್ಷೇತ್ರವನ್ನು ಪ್ರತಿನಿಧಿಸಿದವರು. ಆ ಪರಂಪರೆಗೆ ಇದು ತಕ್ಕ ಮುಂದುವರಿಕೆಯಾದೀತು.

ಮೂರನೆಯದು ಬಂಡವಾಳ. ಮೂರು ವರ್ಷ ಆದಾಯವಿಲ್ಲದ ಕೆಲಸಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. ಬೆಂಗಳೂರಿನ ಹೂಡಿಕೆದಾರರು ಕೊಪ್ಪದ ದಾರಿ ಕೇಳುವುದಿಲ್ಲ. ಆದರೆ ಈ ನೆಲಕ್ಕೆ ಸಹಕಾರದ ನೆನಪಿದೆ. ಮಂಡಿಯ ವ್ಯಾಪಾರಿಗಳ ಹಿಡಿತದಿಂದ ಬೆಳೆಗಾರರನ್ನು ಬಿಡಿಸಲು 1939ರಲ್ಲಿ ಹುಟ್ಟಿದ ಮ್ಯಾಮ್ಕೋಸ್ ಸಂಸ್ಥೆ ಇಂದಿಗೂ ಮಲೆನಾಡಿನ ಅಡಿಕೆ ವಹಿವಾಟಿನ ಬೆನ್ನೆಲುಬು. ಒಬ್ಬೊಬ್ಬರೇ ಹೋದರೆ ಸಿಗದ ಬೆಲೆ ಕೂಡಿ ಹೋದರೆ ಸಿಗುತ್ತದೆ ಎಂಬ ಪಾಠವನ್ನು ನಮ್ಮ ಅಜ್ಜಂದಿರು ಕಲಿತಿದ್ದರು. ನಾಲ್ಕಾರು ಸಣ್ಣ ತಂಡಗಳು ಕಂಪ್ಯೂಟರು, ಜನರೇಟರು, ಧ್ವನಿಮುದ್ರಣದ ಕೋಣೆ, ಲೆಕ್ಕಪತ್ರ, ಪ್ರಚಾರಗಳನ್ನು ಹಂಚಿಕೊಳ್ಳುವ ಒಂದು ಸಹಕಾರ ಸಂಘಕ್ಕೆ ಏನಡ್ಡಿ? ಸರ್ಕಾರದ ಗೇಮಿಂಗ್ ನೀತಿಯ ನೆರವು ಅಂಥ ಸಂಘಕ್ಕೂ ಸಲ್ಲುವಂತೆ ನಿಯಮ ಸಡಿಲಿಸಬಾರದೇಕೆ? ಕಾಫಿ ಬೆಳೆಯ ಸಂಶೋಧನೆ ಕಾಫಿ ಬೆಳೆಯುವಲ್ಲೇ ನಡೆಯಬೇಕೆಂದು 1925ರಷ್ಟು ಹಿಂದೆಯೇ ಬಾಳೆಹೊನ್ನೂರಿನ ಬಳಿ ಸಂಶೋಧನಾ ಕೇಂದ್ರ ತೆರೆದವರ ವಿವೇಕವನ್ನು ಈ ಹೊಸ ಬೆಳೆಗೂ ಅನ್ವಯಿಸಬಹುದಲ್ಲ?

ಇನ್ನು ಉಳಿದದ್ದು ಮನೆಯೊಳಗಿನ ತೊಡಕು. 'ಗೇಮ್ ಮಾಡುತ್ತೇನೆ' ಎಂದ ಮಗನನ್ನಾಗಲಿ ಮಗಳನ್ನಾಗಲಿ ತಂದೆ ತಾಯಿ ಅನುಮಾನದಿಂದ ನೋಡುವುದು ಅಕಾರಣವಲ್ಲ. ಆನ್‌ಲೈನ್ ರಮ್ಮಿಯಂಥ ಹಣದ ಆಟಗಳು ಎಷ್ಟೋ ಮನೆ ಮುರಿದಿವೆ. ಪಣದ ಆಟಗಳನ್ನು ನಿಷೇಧಿಸಿ ಕರ್ನಾಟಕ 2021ರಲ್ಲಿ ಮಾಡಿದ ತಿದ್ದುಪಡಿಯ ಮುಖ್ಯ ಭಾಗವನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಅದೇ ಕಾನೂನು ಇ–ಕ್ರೀಡೆ ಹಾಗೂ ಹಣದ ಪಣವಿಲ್ಲದ ಸಾಮಾಜಿಕ ಆಟಗಳನ್ನು ಉತ್ತೇಜಿಸಬೇಕೆಂದೂ ಹೇಳಿತು. ಜೂಜು ಬೇರೆ, ಆಟ ಬೇರೆ ಎಂಬ ಗೆರೆಯನ್ನು ದೇಶದ ಕಾನೂನೇ ಎಳೆದದ್ದು ಒಳ್ಳೆಯದಾಯಿತು. ಆದರೆ ಗೆರೆಯ ಈಚೆಗಿರುವವರೂ ಆತ್ಮಪರೀಕ್ಷೆ ಮಾಡಿಕೊಳ್ಳಬೇಕು. ಉಚಿತವೆಂದು ಕೊಟ್ಟು, ಆಡುತ್ತಾ ಆಡುತ್ತಾ ಜೇಬಿಗೆ ಕೈಹಾಕಿಸುವ ವ್ಯಾಪಾರ ಪದ್ಧತಿ ಮೊಬೈಲ್ ಆಟಗಳಲ್ಲಿ ಸಾಮಾನ್ಯ. ಮಕ್ಕಳ ಚಪಲವನ್ನೇ ಬಂಡವಾಳ ಮಾಡಿಕೊಳ್ಳದೆ, ಒಂದು ಬೆಲೆಗೆ ಒಂದು ಪೂರ್ಣ ಆಟ ಮಾರುವ ಸರಳ ಪದ್ಧತಿ ಸಣ್ಣ ಸ್ಟುಡಿಯೊಗಳಿಗೆ ಗೌರವವನ್ನೂ ತರುತ್ತದೆ, ಪೋಷಕರ ವಿಶ್ವಾಸವನ್ನೂ ತರುತ್ತದೆ.

ಆಟವೆಂಬುದು ನಮಗೆ ಹೊರಗಿನಿಂದ ಬಂದದ್ದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಮಣೆಯಾಟಗಳನ್ನು ರಚಿಸಿದ ದೊರೆ. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆ ಆಟಗಳ ಪಟಗಳನ್ನು ಇಂದಿಗೂ ನೋಡಬಹುದು. ಆಷಾಢದ ಮಳೆಗೆ ಚೆನ್ನೆಮಣೆ ಹಾಸಿದ ಮನೆಗಳು ಮಲೆನಾಡಿನಲ್ಲಿ ಬೇಕಾದಷ್ಟಿದ್ದವು. ಹುಲಿ–ಕುರಿಯ ಲೆಕ್ಕಾಚಾರ ಯಾವ ಕಂಪ್ಯೂಟರ್ ಆಟಕ್ಕೂ ಕಡಿಮೆಯದಲ್ಲ. ಕೆನಡಾದಲ್ಲಿ ನೆಲೆಸಿದ ತಮಿಳು ಮೂಲದವರು ವಲಸೆ ಕುಟುಂಬವೊಂದರ ತಾಯಿಯ ಅಡುಗೆಮನೆಯನ್ನೇ ವಸ್ತುವಾಗಿಸಿ 2023ರಲ್ಲಿ ತಂದ 'ವೆಣ್ಬಾ' ಎಂಬ ಪುಟ್ಟ ಆಟ ಮರುವರ್ಷ ಸ್ವತಂತ್ರ ಆಟಗಳ ಅಂತರರಾಷ್ಟ್ರೀಯ ಉತ್ಸವದ ಪರಮೋಚ್ಚ ಪ್ರಶಸ್ತಿ ಗಳಿಸಿತು. ಸ್ಥಳೀಯವಾದದ್ದನ್ನು ಪ್ರಾಮಾಣಿಕವಾಗಿ ಹೇಳಿದರೆ ಜಗತ್ತು ಕೇಳುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ತುಂಗೆಯ ನೆರೆ, ಭದ್ರಾ ಹಿನ್ನೀರಿನಲ್ಲಿ ಮುಳುಗಿದ ಊರುಗಳು, ಅಡಿಕೆ ಸುಲಿಯುವ ರಾತ್ರಿಗಳು, ಕೊನೆಯ ಬಸ್ಸಿಗಾಗಿ ಕಾಯುವ ಮಕ್ಕಳು—ಇವುಗಳಲ್ಲಿ ಆಟವಾಗಬಲ್ಲ ಕಥೆಗಳಿವೆ. ಅವನ್ನು ಬಲ್ಲವರು ಇಲ್ಲಿಯೇ ಹುಟ್ಟಿ ಬೆಳೆದವರು. ಕನ್ನಡದಲ್ಲಿ ಹೇಳಬಲ್ಲವರೂ ಅವರೇ.

ಆದ್ದರಿಂದ ಕೇಳಬೇಕಾದದ್ದನ್ನು ಸ್ಪಷ್ಟವಾಗಿ ಕೇಳೋಣ. ಮೂರು ತಾಲ್ಲೂಕು ಕೇಂದ್ರಗಳಿಗೆ ಮಳೆಗಾಲದಲ್ಲೂ ಕಡಿಯದ ವಿದ್ಯುತ್ ಮತ್ತು ಅಂತರ್ಜಾಲ ಸಂಪರ್ಕ, ಒಂದು ಕಾಲೇಜಿನಲ್ಲಿ ಒಂದು ಒಳ್ಳೆಯ ತರಗತಿ, ಸಣ್ಣ ತಂಡಗಳ ಸಹಕಾರ ಸಂಘಕ್ಕೆ ನೀತಿಯ ನೆರವು—ಇಷ್ಟೇ. ಯಾವುದೋ ದೊಡ್ಡ ಕಂಪನಿ ಘಟ್ಟ ಹತ್ತಿ ಬಂದೀತೆಂದು ಕಾಯುವುದರಲ್ಲಿ ಅರ್ಥವಿಲ್ಲ. ಉಡುಪಿಗೂ ಯಾರೂ ಬಂದಿರಲಿಲ್ಲ, ಅಲ್ಲಿನವರೇ ಕಟ್ಟಿಕೊಂಡರು. ಅದಕ್ಕೆ ಅವರಿಗೆ ಹದಿನೆಂಟು ವರ್ಷ ಹಿಡಿಯಿತು. ನಮಗೂ ಅಷ್ಟೇ ಹಿಡಿಯಬಹುದು. ಸಸಿ ನೆಡುವುದನ್ನು ಇನ್ನೊಂದು ವರ್ಷ ಮುಂದೂಡಿದರೆ ಫಸಲೂ ಒಂದು ವರ್ಷ ದೂರ ಹೋಗುತ್ತದೆ. ಅಷ್ಟರಲ್ಲಿ ತೋಟದ ಮನೆಗಳಲ್ಲಿ ಕಾಯುವವರೂ ಉಳಿದಿರಲಾರರು.